ಗಾಜು ಇಳಿಸಿದ ಅತ್ತೆ

ಎಂಬತ್ತರ ದಶಕದ ಮೊದಲಲ್ಲಿ ನಮ್ಮ ಯಜಮಾನರನ್ನು ಕಂಪನಿಯವರು ಎರಡು ವರ್ಷಕ್ಕೆ ಕೀನ್ಯಾಕ್ಕೆ ಕಳಿಸಿದ್ದರು. ಅವರನ್ನು ನೋಡಲು ನಾನೂ ಅತ್ತೆಯೂ ಬೆಂಗಳೂರಿನ ಮತ್ತಿಕೆರೆಯಿಂದ ಹೊರಟೆವು. ಗದಗದ ಕಡೆಯವರಾದ ಅತ್ತೆಗೆ ಸೂಜಿ ಅಂದರೆ ಭಯ. ಹಳದಿ ಜ್ವರದ ಇಂಜೆಕ್ಷನ್ ಹಾಕಿಸದೆ ಹೋಗೋ ಹಾಗಿಲ್ಲ ಅಂದಾಗ, "ಆನಿ ನೋಡಾಕ ಇಷ್ಟು ಕಾಟಾನ?" ಎಂದು ಕಣ್ಣು ಮುಚ್ಚಿ ತೋಳು ಚಾಚಿದರು. ಮಲೇರಿಯಾ ಗುಳಿಗೆಯ ಉಸ್ತುವಾರಿ ಮಾತ್ರ ತಾವೇ ವಹಿಸಿಕೊಂಡರು. ಪ್ರತಿ ಸೋಮವಾರ ನನ್ನ ಅಂಗೈಗೆ ಹಾಕಿ, ನುಂಗುವವರೆಗೂ ನಿಂತು ನೋಡುತ್ತಿದ್ದರು.

ಅಲ್ಲಿ ಒಂದು ಭಾನುವಾರ ವ್ಯಾನಿನಲ್ಲಿ ಕಾಡಿಗೆ ಹೋದೆವು. ಜೊತೆಗೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು, ಕುದಿಸಿ ಆರಿಸಿದ ನೀರು.

"ಅವ್ವಾ, ಕೆಳಗ ಇಳೀಬ್ಯಾಡ, ಗಾಜು ಇಳಸಬ್ಯಾಡ, ಯಾವ ಪ್ರಾಣಿಗೂ ಏನೂ ಕೊಡಬ್ಯಾಡ," ಎಂದು ಯಜಮಾನರು ಮೂರು ಸಲ ಹೇಳಿದ್ದರು.

ಆನೆಗಳು ದಾರಿ ದಾಟಲೆಂದು ವ್ಯಾನು ನಿಂತಿತು. ನಾವೆಲ್ಲ ಅತ್ತ ನೋಡುತ್ತಿದ್ದರೆ, ಅತ್ತೆಯ ಕಿಟಕಿಯ ಹತ್ತಿರ ದೊಡ್ಡದೊಂದು ಬಬೂನ್ ಕೋತಿ, ಬೆನ್ನ ಮೇಲೆ ಮರಿ ಹೊತ್ತು ಬಂತು.

"ಪಾಪ, ಕೂಸಿನ ತಾಯಿ, ಹಸದೈತಿ!"

ನಾನು ತಿರುಗುವಷ್ಟರಲ್ಲಿ ಗಾಜು ಅರ್ಧ ಇಳಿದಿತ್ತು. ಕೋತಿ ಅತ್ತೆ ನೀಡಿದ ರೊಟ್ಟಿ ಮುಟ್ಟಲಿಲ್ಲ. ಒಳಗೆ ಕೈ ಹಾಕಿ ಮಡಿಲಲ್ಲಿದ್ದ ಗಂಟನ್ನೇ ಎಳೆದುಕೊಂಡು ಓಡಿತು. ವಯಸ್ಸಾದ ಡ್ರೈವರ್ ಕೂಗಾಡದೆ ಗಾಜು ಏರಿಸಿದ. ಯಜಮಾನರು ತಾಯಿಯ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಸಣ್ಣ ಗೀರು ಬಿದ್ದಿದ್ದರೂ ನೇರ ಆಸ್ಪತ್ರೆಗೇ ಹೋಗಬೇಕಿತ್ತಂತೆ. ಪುಣ್ಯಕ್ಕೆ ಹರಿದದ್ದು ಸೆರಗು ಮಾತ್ರ.

ಡ್ರೈವರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಯಜಮಾನರು ತಾಯಿಗೆ ತಿಳಿಸಿದರು: "ಜನ ಕೊಟ್ಟು ಕೊಟ್ಟು ರೂಢಿ ಮಾಡಸ್ತಾರ. ಆಮ್ಯಾಲ ಅದು ಯಾರ ಮೈಮ್ಯಾಲಾದ್ರೂ ಬಿದ್ರ, ಅದಕ್ಕ ಗುಂಡು ಹಾಕ್ತಾರಂತ."

ಅತ್ತೆಯ ಮುಖ ಇಳಿದುಹೋಯಿತು.

ಮುಂದೆ ಇನ್ನೊಂದು ವ್ಯಾನಿನಿಂದ ಯಾರೋ ಬಾಳೆಹಣ್ಣು ಹಿಡಿದ ಕೈಯನ್ನು ಒಂದು ಕೋತಿಯತ್ತ ಚಾಚಿದ್ದು ಕಂಡಿತು. ಅತ್ತೆ ಒಳಗಿಂದಲೇ ಗಾಜು ಬಡಿದರು. "ಕೊಡಬ್ಯಾಡ್ರೋ! ಅದರ ಜೀವಾ ಹೋಗ್ತೈತಿ!" ಆ ವ್ಯಾನಿನವರಿಗೇನು ತಿಳಿಯಿತೋ, ಕೈ ಒಳಗೆ ಹೋಯಿತು. ಡ್ರೈವರ್ ನಕ್ಕು, "ಮಾಮಾ, ಮಾಮಾ!" ಎಂದು ಹೆಬ್ಬೆರಳೆತ್ತಿದ.

"ನಾ ಹೆಂಗಸು. ನನಗ್ಯಾಕ ಮಾಮಾ ಅಂತಾನ?" ಅತ್ತೆ ಸಿಟ್ಟಾದರು.

"ಅವರ ಭಾಷಾದಾಗ ಮಾಮಾ ಅಂದ್ರ ಅವ್ವ," ಎಂದರು ಯಜಮಾನರು.

ನಮ್ಮ ಊಟವಂತೂ ಹೋಗಿತ್ತು. ಡ್ರೈವರ್ ತನ್ನ ಡಬ್ಬಿಯಿಂದ ಬೇಯಿಸಿದ ಮೆಕ್ಕೆಜೋಳದ ತೆನೆಗಳನ್ನು ತೆಗೆದು ಮೊದಲು ಅತ್ತೆಗೇ ಕೊಟ್ಟ. ಅವರು ಕಿಟಕಿಯಿಂದ ದೂರ ಸರಿದು ಕೂತು, ಒಂದು ಕಾಳೂ ಬಿಡದೆ ತಿಂದರು.