ಅಜ್ಜನ ಹೆಸರಿನ ಮೀಟರು

ಅಜ್ಜ ತೀರಿಕೊಂಡ ಮೇಲೂ ನಮ್ಮ ಮನೆಯ ಕರೆಂಟ್ ಬಿಲ್ಲು ಅಜ್ಜನ ಹೆಸರಿಗೇ ಬರುತ್ತಿತ್ತು. ಅಪ್ಪ ಕಟ್ಟುತ್ತಿದ್ದರು, ಅಷ್ಟೇ. ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿ, ಉಳಿದ ಕರೆಂಟನ್ನು ಲೈನಿಗೆ ಬಿಡೋಣವೆಂದು ಹೊರಟಾಗ ನಿಯಮ ಗೊತ್ತಾಯಿತು: ಮೀಟರು ಯಾರ ಹೆಸರಿನಲ್ಲಿದೆಯೋ ಅವರೇ ಅರ್ಜಿ ಹಾಕಬೇಕು.

ನಾನು ವಿದ್ಯುತ್ ಕಚೇರಿಗೆ ಹೋಗಿ, ಈ ಊರಿನ ಭಾಷೆ ತೆಲುಗಿನಲ್ಲೇ ವಾದಿಸಿದೆ. ಸತ್ತವರ ಹೆಸರಿನ ದುಡ್ಡು ನಿಮಗೆ ನಡೆಯುತ್ತದೆ, ಅವರ ಮಾಳಿಗೆಯ ಬಿಸಿಲು ಮಾತ್ರ ನಡೆಯುವುದಿಲ್ಲವೇ ಎಂದೆ. ಕಾಲೇಜಿನ ಚರ್ಚಾಸ್ಪರ್ಧೆಯಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಗುಮಾಸ್ತರು ನಕ್ಕು, ಮೊದಲು ಹೆಸರು ಬದಲಾಯಿಸಿ, ಅದಕ್ಕೆ ಉಳಿದ ವಾರಸುದಾರರ ಒಪ್ಪಿಗೆ ಪತ್ರ ತನ್ನಿ ಎಂದರು.

ಉಳಿದ ವಾರಸುದಾರರೆಂದರೆ ಅಪ್ಪನ ಒಬ್ಬಳೇ ತಂಗಿ, ಇದೇ ಊರಿನ ಹಿಮಾಯತ್‌ನಗರದಲ್ಲಿರುವ ಅತ್ತೆ. ಅಜ್ಜನ ಮನೆ ಪೂರ್ತಿ ಅಪ್ಪನಿಗೇ ಉಳಿದಿತ್ತು. ಅತ್ತೆ ಪಾಲು ಕೇಳಿರಲಿಲ್ಲ. ಎಲ್ಲಿ ಕೇಳುತ್ತಾಳೋ ಎಂಬ ಹೆದರಿಕೆಗೇ ನಾವು ಅವಳನ್ನು ಹಬ್ಬಕ್ಕೂ ಕರೆಯುವುದನ್ನು ಬಿಟ್ಟಿದ್ದೆವು.

"ನೀನ ಹೋಗು," ಎಂದರು ಅಪ್ಪ. "ನಿನಗ ವಾದಾ ಮಾಡಾಕ ಬರ್ತೈತಿ."

ತಯಾರಾಗಿಯೇ ಹೋದೆ. ಮೀಟರಿನ ಹೆಸರು ಬದಲಾದರೆ ಮನೆಯ ಮೇಲಿನ ಹಕ್ಕು ಬದಲಾಗುವುದಿಲ್ಲ ಎಂಬ ನಿಯಮವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದೆ. ಅವಳು ಹೀಗೆಂದರೆ ಹೀಗೆ, ಹಾಗೆಂದರೆ ಹಾಗೆ ಎಂದು ಬಸ್ಸಿನಲ್ಲೇ ಉತ್ತರಗಳನ್ನು ಜೋಡಿಸಿದ್ದೆ.

ಅತ್ತೆ ಚಹಾಕ್ಕಿಟ್ಟು ಬಂದು ಕೂತಳು. "ನಿಮ್ಮಪ್ಪ ಯಾಕ ಬರಲಿಲ್ಲ? ನಾ ಏನ್ ಕಡೀತೀನೇನು?"

ನಾನು ನಗಲಿಲ್ಲ, ನಿಯಮ ಓದತೊಡಗಿದೆ. ಅರ್ಧಕ್ಕೇ ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. "ಸಹಿ ಎಲ್ಲಿ ಮಾಡ್ಲಿ, ಅಷ್ಟ ಹೇಳವ್ವಾ."

ಮಾಡಿಬಿಟ್ಟಳು. ಅವಳಲ್ಲಿ ಇಲ್ಲದ ಆಸೆಗೆ ನಾನು ಅಷ್ಟೊಂದು ಉತ್ತರ ಹೊತ್ತುಕೊಂಡು ಹೋಗಿದ್ದೆ. ಚಹಾದ ಲೋಟದಿಂದ ಕಣ್ಣೆತ್ತಲು ಆಗಲಿಲ್ಲ.

ಹೊರಡುವಾಗ ಕೇಳಿದಳು: "ಅಂದ್ರ ಇನ್ನ ಬಿಲ್ಲಿನ್ಯಾಗ ನಮ್ಮಪ್ಪನ ಹೆಸರು ಬರಂಗಿಲ್ಲ?"

ಬರುವುದಿಲ್ಲ ಎಂದೆ.

"ಒಂದು ಹಳೇ ಬಿಲ್ ಇದ್ರ ನನಗ ಕೊಡು. ನನ್ನ ಕಡೆ ಅಪ್ಪಂದು ಅಂತ ಏನೂ ಇಲ್ಲ."

ತಂದುಕೊಡುತ್ತೇನೆ ಎಂದು ಬಂದೆ. ಮನೆಯಲ್ಲಿ ಒಂದೂ ಇರಲಿಲ್ಲ. ಗೇಟಿಗೆ ಸಿಕ್ಕಿಸಿ ಹೋಗುವ ಆ ಚೀಟಿಯನ್ನು, ಮೊಬೈಲಿನಲ್ಲಿ ಹಣ ಕಟ್ಟಿದ ಕೂಡಲೇ ನಾವು ಕಸಕ್ಕೆ ಹಾಕುತ್ತಿದ್ದೆವು. ಮುಂದಿನ ತಿಂಗಳದ್ದನ್ನು ತೆಗೆದಿಟ್ಟರಾಯಿತು ಎಂದಳು ಅಮ್ಮ. ಮುಂದಿನ ತಿಂಗಳ ಚೀಟಿಯಲ್ಲಿ ಅಪ್ಪನ ಹೆಸರಿತ್ತು. ಕಚೇರಿಯವರ ಬೆನ್ನು ಹತ್ತಿ ಬೇಗ ಹೆಸರು ಬದಲಾಯಿಸಿದವಳು ನಾನೇ. ಕಚೇರಿಯ ಕಂಪ್ಯೂಟರಿನಿಂದ ಹಳೆಯ ಬಿಲ್ಲನ್ನು ತೆಗೆಸಿದರೂ ಅದರಲ್ಲಿ ಹೊಸ ಹೆಸರೇ ಬರುತ್ತದಂತೆ.

ಈಗ ಮಾಳಿಗೆಯ ತುಂಬ ಸೋಲಾರ್ ಹಲಗೆಗಳು. ನಮ್ಮ ಕರೆಂಟು ಹೊರಗೆ ಹರಿಯುವ ಲೆಕ್ಕವನ್ನು ಹೊಸ ಮೀಟರಿನಲ್ಲಿ ಅಪ್ಪ ಬಂದವರಿಗೆಲ್ಲ ತೋರಿಸುತ್ತಾರೆ. ಮೊನ್ನೆ ಹಾಗೆ ತೋರಿಸುತ್ತಿದ್ದಾಗಲೇ ಅತ್ತೆಯ ಫೋನು ಬಂತು. ಬಿಲ್ಲು ಸಿಕ್ಕಿತೇ ಎಂದು ಮೆಲ್ಲಗೆ ಕೇಳಿದಳು, ಕೇಳಿದ್ದೇ ತಪ್ಪಾಯಿತೇನೋ ಎಂಬಂತೆ.

"ಹುಡುಕಾಕತ್ತೀನಿ ಅತ್ತಿ," ಎಂದೆ.