ಅಜೈಬಾದ ಹಸಿಮೀನಿನ ಬಟ್ಟಲು

ಕೊಲ್ಲಿ ನಾಡಿನ ಅಲ್ ಅಜೈಬಾದಲ್ಲಿ ನಮ್ಮ ಕಟ್ಟಡದ ಪಕ್ಕದ ಸಾಲಿನಲ್ಲಿ ಹವಾಯಿ ಊಟದ ಪುಟ್ಟ ಅಂಗಡಿಯೊಂದಿದೆ. ಕೌಂಟರಿನ ಮುಂದೆ ನಿಂತು ಬೇಕಾದ್ದನ್ನು ಹೇಳಿದರೆ, ಬಿಸಿ ಅನ್ನದ ಮೇಲೆ ಹಸಿಮೀನಿನ ತುಂಡುಗಳನ್ನು ಹಾಕಿ ಕೊಡುತ್ತಾರೆ. ಅದಕ್ಕೆ ಪೋಕೆ ಎಂದು ಹೆಸರು. ನನ್ನ ಸಾರಿನ ಮೀನನ್ನು ತಟ್ಟೆಯ ಅಂಚಿಗೆ ಸರಿಸುವ ಮಗಳು ಅಲ್ಲಿ ಬಟ್ಟಲು ಬಳಿದು ತಿನ್ನುತ್ತಾಳೆ. ಅವಳು ಬಾಯಿ ತೆರೆಯುವ ಮೊದಲೇ ಕೌಂಟರಿನ ಫಿಲಿಪ್ಪೀನ್ಸ್ ಹೆಂಗಸು, "ನೋ ಆನಿಯನ್, ಎಕ್ಸ್‌ಟ್ರಾ ಸೆಸಮಿ, ಮೈ ಡಿಯರ್?" ಎನ್ನುತ್ತಾಳೆ. ಆ 'ಮೈ ಡಿಯರ್' ಕೇಳಿದಾಗಲೆಲ್ಲ ನನ್ನ ಹೊಟ್ಟೆಯೊಳಗೆ ಒಣಮೆಣಸು ಹುರಿದಂತಾಗುತ್ತದೆ.

ಒಂದು ಶುಕ್ರವಾರ ನಾನೂ ಕೇದರ್ ಮೀನು ತಂದೆ. ಅವರ ಟ್ಯೂನಾ ಎಂದರೆ ನಮ್ಮೂರಿನ ಕೇದರ್ ಅಲ್ಲದೆ ಮತ್ತೇನು! ಅವರಂತೆಯೇ ಚೌಕವಾಗಿ ಕತ್ತರಿಸಿದೆ. ಆದರೆ ಕೈಯ ಅಭ್ಯಾಸ ಬಿಡಬೇಕಲ್ಲ. ಮೀನು ಕಂಡೊಡನೆ ಕೈ ಉಪ್ಪು, ಹುಳಿ, ಅರಸಿನ ಹಚ್ಚಿಬಿಟ್ಟಿತು. ಹಚ್ಚಿದ ಮೇಲೆ ಬೇಯಿಸದೆ ಇರುವುದು ಹೇಗೆ? ಮಸಾಲೆ, ಕಾಯಿತುರಿ ಹಾಕಿ ಬೇಯಿಸಿಯೇಬಿಟ್ಟೆ.

"ಅಮ್ಮಾ, ದಿಸ್ ಈಸ್ ನಾಟ್ ಪೋಕೆ. ಇದು ಸುಕ್ಕ!" ಮಗಳು ನಕ್ಕಳು.

"ಅಲ್ಲಿಯದ್ದಕ್ಕಿಂತ ಎಂತ ಕಡಿಮೆ ಉಂಟು ಮಾರಾಯ್ತಿ?"

ಅವಳು ಮತ್ತಷ್ಟು ಅನ್ನ ಬಡಿಸಿಕೊಂಡಳು. ನನ್ನ ಹೊಟ್ಟೆಯ ಉರಿ ಇನ್ನೇನು ತಣಿಯಬೇಕು, ಅಷ್ಟರಲ್ಲಿ ಉಳಿದದ್ದನ್ನು ಡಬ್ಬಿಗೆ ತುಂಬತೊಡಗಿದಳು.

"ಇದು ಕೌಂಟರ್ ಆಂಟಿಗೆ. ಶಿ ವಿಲ್ ಲವ್ ಇಟ್."

ಡಬ್ಬಿಯನ್ನು ಅವಳ ಕೈಯಿಂದ ಕಿತ್ತುಕೊಂಡೆ. "ನಾನೇ ಕೊಡ್ತೇನೆ. ಮಾಡಿದ್ದು ಯಾರು ಅಂತ ಅವಳಿಗೂ ಗೊತ್ತಾಗ್ಲಿ."