ಸಾಲ್ಟ್‌ಹಿಲ್‌ನ ಗೋಡೆಗೆ ಒಂದು ಒದೆ

ಆಗಸ್ಟ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಡಬ್ಲಿನ್ನಿನ ಕ್ಲಾಂಡಾಲ್ಕಿನ್‌ನ ಮನೆಗೆ ಬೀಗ ಹಾಕಿ ಹೊರಟೆ. ಗೇಟಿನ ಹತ್ತಿರ ಬಂದಾಗ ಮಾಸ್ಕ್ ಮರೆತದ್ದು ಗೊತ್ತಾಗಿ, ಮತ್ತೆ ಬೀಗ ತೆಗೆದು, ಮಾಸ್ಕ್ ಹಾಕಿಕೊಂಡು ಎರಡನೇ ಸಲ ಹೊರಟೆ. ಕೊರೊನಾದ ಆ ವರ್ಷ ಎಲ್ಲರ ಪ್ರಯಾಣವೂ ಹೀಗೆ ಎರಡೆರಡು ಸಲ ಶುರುವಾಗುತ್ತಿತ್ತು. ಬೆನ್ನಿನ ಚೀಲದಲ್ಲಿ ಪುಳಿಯೋಗರೆಯ ಡಬ್ಬಿ, ಕೊಡೆ, ಫೋನಿನ ಚಾರ್ಜರ್ ಇದ್ದವು. ಹೋಗಬೇಕಾಗಿದ್ದದ್ದು ಗಾಲ್ವೇಗೆ. ಐರ್ಲೆಂಡಿನ ಪಶ್ಚಿಮದ ತುದಿಯಲ್ಲಿ ಸಮುದ್ರದ ಪಕ್ಕದ ಊರು, ಡಬ್ಲಿನ್ನಿನಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ಸು.

ನಾನು ನೋಡಲು ಹೊರಟಿದ್ದು ಒಂದು ಗೋಡೆಯನ್ನು. ಕೇಳಿದವರು ನಕ್ಕಾರು ಎಂದು ಯಾರಿಗೂ ಹೇಳಿರಲಿಲ್ಲ.

ಮಾರ್ಚ್ ಮೊದಲ ವಾರ ನನ್ನ ಗಂಡ ಗಿರೀಶ, ತನ್ನ ತಮ್ಮನ ಮದುವೆಗೆಂದು ಮಗಳು ಇಳಾಳನ್ನು ಕರೆದುಕೊಂಡು ಮೈಸೂರಿಗೆ ಹೋದ. ನನಗೆ ರಜೆ ಸಿಗಲಿಲ್ಲ. ಎರಡು ವಾರದ ಮಾತು ತಾನೇ ಎಂದು ನಗುತ್ತಲೇ ಕಳಿಸಿಕೊಟ್ಟಿದ್ದೆ. ಅಷ್ಟರಲ್ಲಿ ವಿಮಾನಗಳು ನಿಂತವು. ಆಮೇಲೆ ಟಿಕೆಟ್ ಮಾಡಿಸಿದ್ದೇ ಮಾಡಿಸಿದ್ದು, ಅದು ರದ್ದಾಗಿದ್ದೇ ಆಗಿದ್ದು. ಗಿರೀಶ ನನ್ನ ಅತ್ತೆಯ ಮನೆಯ ಮಹಡಿಯಲ್ಲಿ ಕೂತು ಡಬ್ಲಿನ್ನಿನ ಕೆಲಸ ಮಾಡುತ್ತಿದ್ದ, ನಾನು ಕ್ಲಾಂಡಾಲ್ಕಿನ್‌ನ ಅಡುಗೆಮನೆಯ ಮೇಜಿನ ಮೇಲೆ ಗ್ರ್ಯಾಂಡ್ ಕೆನಾಲ್ ಡಾಕ್‌ನ ಆಫೀಸು ತೆರೆದುಕೊಂಡಿದ್ದೆ. ಮನೆಯಲ್ಲಿ ನನ್ನ ಲೋಟ ನಾನು ಇಟ್ಟ ಕಡೆಯೇ ಇರುತ್ತಿತ್ತು. ಅಷ್ಟು ಸಾಕು, ಮನೆ ಎಷ್ಟು ಖಾಲಿಯಿತ್ತು ಎಂದು ಹೇಳಲು.

ಇಳಾ ಡಬ್ಲಿನ್ನಿನಲ್ಲೇ ಹುಟ್ಟಿದವಳು, ಆಗ ಐದೂವರೆ ವರ್ಷ. ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಐರಿಷ್ ರಾಗದ ಇಂಗ್ಲಿಷಿನಲ್ಲಿ. ಇಲ್ಲಿನ ಮಕ್ಕಳ ಹಾಗೆ ನನ್ನನ್ನು ಮ್ಯಾಮಿ ಎನ್ನುತ್ತಿದ್ದಳು. ಒಂದು ಸಲ ಅಮ್ಮ ಅನ್ನು ಎಂದು ನಾನು ಗೋಗರೆದದ್ದು ಅಷ್ಟಿಷ್ಟಲ್ಲ. ಮೈಸೂರಿಗೆ ಹೋಗಿ ಐದು ತಿಂಗಳಾಗುವಷ್ಟರಲ್ಲಿ, "ಅಮ್ಮಾ, ಅಜ್ಜಿ ಚಕ್ಲಿ ಮಾಡಿದಾರೆ, ನಿಂಗೂ ಎತ್ತಿಡಕ್ಕೆ ಹೇಳ್ಲಾ?" ಎಂದು ನಿರರ್ಗಳವಾಗಿ ಕೇಳತೊಡಗಿದಳು. ಬೇಡಿದ ವರ ಸಿಕ್ಕಿತ್ತು. ಆದರೆ ಹಿಂದಿನ ವಾರ ಪಕ್ಕದ ಮನೆಯ ಗೆಳತಿಯ ಹೆಸರು ಹೇಳಿದಾಗ, "ಅದ್ಯಾರು?" ಎಂದಳು. ದಿನಾ ಜೊತೆಗೆ ಆಡಿದ ಹುಡುಗಿಯನ್ನೇ ಮರೆತವಳಿಗೆ ಈ ಮನೆ, ಈ ಊರು, ಇಲ್ಲಿ ಅವಳ ಜೊತೆಗಿದ್ದ ನಾನು ಎಷ್ಟು ದಿನ ನೆನಪಿರುತ್ತೇವೆ? ಮರುದಿನವೇ ಗಾಲ್ವೇಗೆ ಟಿಕೆಟ್ ಕೊಂಡೆ.

ಗಾಲ್ವೇಯ ಅಂಚಿನಲ್ಲಿ ಸಾಲ್ಟ್‌ಹಿಲ್ ಎಂಬ ಕಡಲತೀರವಿದೆ. ತೀರದ ಉದ್ದಕ್ಕೂ ಕಾಲುದಾರಿ, ದಾರಿ ಮುಗಿಯುವಲ್ಲಿ ಒಂದು ಗೋಡೆ. ನಡೆದು ಬಂದವರು ಆ ಗೋಡೆಗೆ ಕಾಲಿನಿಂದ ಒಂದು ಒದೆ ಕೊಟ್ಟು ತಿರುಗಬೇಕು. ಒದೆಯದೆ ತಿರುಗಿದರೆ ನಡೆದದ್ದು ಲೆಕ್ಕಕ್ಕಿಲ್ಲ. ಯಾಕೆ ಎಂದು ಊರಿನವರಿಗೂ ಗೊತ್ತಿಲ್ಲ. ಹಿಂದಿನ ಆಗಸ್ಟಿನಲ್ಲಿ ನಾವು ಮೂವರೂ ಅಲ್ಲಿಗೆ ಹೋಗಿದ್ದೆವು. ಇಳಾ ಗೋಡೆಯನ್ನು ಒದ್ದು ಒದ್ದು ಮತ್ತೆ ಒದ್ದಳು. ಕಾಲು ತಗಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಎಂದು ನಾನು ಗದರಿದ್ದಕ್ಕೆ, ಅದು ಬರೀ ಗೋಡೆ ಮ್ಯಾಮಿ ಎಂದು ಸೊಂಟದ ಮೇಲೆ ಕೈಯಿಟ್ಟು ವಾದಿಸಿದ್ದಳು. ತಿರುಗಿ ಬರುವಾಗ ಗಿರೀಶ ಮೂವರಿಗೂ ನೈಂಟಿ-ನೈನ್ ಕೊಡಿಸಿದ. ಮೆತ್ತನೆಯ ಐಸ್‌ಕ್ರೀಮ್ ಕೋನಿಗೆ ಚಾಕೊಲೇಟ್ ಕಡ್ಡಿ ಸಿಕ್ಕಿಸಿ ಕೊಡುವುದಕ್ಕೆ ಇಲ್ಲಿ ಆ ಹೆಸರು. ಆ ದಿನದ ಕಥೆಯನ್ನು ಅವಳು ತಿಂಗಳುಗಟ್ಟಲೆ ಹೇಳಿದ್ದಳು. ಆ ಗೋಡೆ ನೆನಪಿದ್ದರೆ ಎಲ್ಲವೂ ನೆನಪಿದೆ ಎಂದು ನನಗೆ ನಾನೇ ಒಂದು ಪರೀಕ್ಷೆ ಒಡ್ಡಿಕೊಂಡಿದ್ದೆ. ಮೈಸೂರಿನ ಗಡಿಯಾರ ನಾಲ್ಕೂವರೆ ಗಂಟೆ ಮುಂದೆ. ಎಂಟೂವರೆಗೆಲ್ಲ ಅವಳು ಮಲಗಿಬಿಡುತ್ತಾಳೆ. ಮಧ್ಯಾಹ್ನ ಮೂರೂವರೆಯೊಳಗೆ ನಾನು ಗೋಡೆ ಮುಟ್ಟಬೇಕಿತ್ತು.

ರೈಲಿನಲ್ಲಿ ಒಂದು ಸೀಟು ಬಿಟ್ಟು ಒಂದರ ಮೇಲೆ ಕೂರಬೇಡಿ ಎಂಬ ಸ್ಟಿಕ್ಕರ್ ಅಂಟಿಸಿದ್ದರು. ಟೀ ಕಾಫಿಯ ಗಾಡಿ ಇರಲಿಲ್ಲ. ತಿನ್ನುವಾಗ ಮಾತ್ರ ಮಾಸ್ಕ್ ತೆಗೆಯಬಹುದಾದ್ದರಿಂದ ಓರೆಯಾಗಿ ಎದುರಿಗೆ ಕೂತಿದ್ದ ಮಧ್ಯವಯಸ್ಸಿನ ಹೆಂಗಸು ಒಂದು ಸ್ಯಾಂಡ್‌ವಿಚ್ಚನ್ನು ಶ್ಯಾನನ್ ನದಿ ದಾಟುವ ತನಕ ತಿಂದಳು. ನಾನೂ ಡಬ್ಬಿ ತೆರೆದೆ.

"ಅದೇನು, ಅಷ್ಟು ಘಮ ಅಂತಿದೆ?" ಎಂದಳು.

"ಹುಣಸೆಹಣ್ಣಿನ ಅನ್ನ. ವಾಸನೆ ಜಾಸ್ತಿ ಆಯ್ತಾ?"

"ಅಯ್ಯೋ, ಇಲ್ಲ. ಇಲ್ಲಿ ತನಕ ವಾಸನೆ ಗೊತ್ತಾಗ್ತಿದೆ ಅಂದ್ರೆ ನಂಗೆ ರೋಗ ಬಂದಿಲ್ಲ ಅಂತ ಅರ್ಥ. ನಿಮ್ಮಿಂದ ಒಂದು ಟೆಸ್ಟ್ ಉಳೀತು."

ಗಾಲ್ವೇಯಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಕೊಡೆ ಬಿಚ್ಚುವಷ್ಟರಲ್ಲಿ ಬಿಸಿಲು ಬಂತು, ಮಡಿಸಿದೊಡನೆ ಮತ್ತೆ ಮಳೆ. ಆ ವರ್ಷ ಗಾಲ್ವೇ ಯೂರೋಪಿನ ಸಾಂಸ್ಕೃತಿಕ ರಾಜಧಾನಿ ಆಗಬೇಕಿತ್ತು. ಊರೆಲ್ಲ ಮದುವೆಮನೆಯಂತೆ ಇರಬೇಕಾಗಿದ್ದ ಹೊತ್ತಿನಲ್ಲಿ ಊರ ನಡುವಿನ ಐರ್ ಸ್ಕ್ವೇರಿನ ಹುಲ್ಲಿನ ಮೇಲೆ ಜನ ದೂರ ದೂರ ಕೂತು ಕಾಗದದ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದರು.

ಪುಗಸಟ್ಟೆ ಸಿಕ್ಕರೆ ನನಗೂ ಒಂದು ಇರಲಿ ನಮ್ಮಪ್ಪನಿಗೂ ಒಂದು ಇರಲಿ ಎನ್ನುವ ಪೈಕಿ ನನ್ನ ಗಂಡ. ಯಾವ ಊರಿಗೆ ಹೋದರೂ ಟಿಕೆಟ್ ಇಲ್ಲದ ಜಾಗಗಳನ್ನು ಮೊದಲೇ ಪತ್ತೆ ಮಾಡಿಟ್ಟಿರುತ್ತಾನೆ. ಗಾಲ್ವೇ ಅವನಿಗೆಂದೇ ಕಟ್ಟಿದ ಊರು, ಅಲ್ಲಿ ನೋಡುವಂಥದ್ದೆಲ್ಲ ಉಚಿತ. ಹೋದ ವರ್ಷ ನಡೆದ ಜಾಡಿನಲ್ಲೇ ಈಗಲೂ ನಡೆದೆ. ಮೊದಲು ಹಸಿರು ಗುಮ್ಮಟದ ದೊಡ್ಡ ಚರ್ಚು. ಒಳಗೆ ಎರಡು ಬೆಂಚು ಬಿಟ್ಟು ಒಂದಕ್ಕೆ ಟೇಪು ಸುತ್ತಿದ್ದರು, ತೀರ್ಥದ ಬಟ್ಟಲು ಒಣಗಿತ್ತು, ಅದರ ಪಕ್ಕದಲ್ಲಿ ಸ್ಯಾನಿಟೈಸರ್ ಬಾಟಲಿ ಇಟ್ಟಿದ್ದರು. ಅಲ್ಲಿ ಕೂತು ನಮ್ಮ ದೇವರನ್ನೇ ನೆನೆದೆ. ಕೇಳಿಕೊಂಡದ್ದು ಒಂದು ವಿಮಾನವನ್ನು. ಹೊರಗೆ ಸೇತುವೆಯಿಂದ ಬಗ್ಗಿ ನೋಡಿದರೆ ನೀರಿನಲ್ಲಿ ಸಾಮನ್ ಮೀನುಗಳು ಹರಿವಿಗೆ ಎದುರಾಗಿ ನಿಂತಿದ್ದವು. ಮಳೆ ಬಂದು ನೀರು ಏರಿದರೆ ಹತ್ತಿ ಹೋಗುತ್ತವೆ ಎಂದು ಪಕ್ಕದಲ್ಲಿದ್ದ ಮುದುಕ ಹೇಳಿದ. ಅವೂ ಕಾಯುತ್ತಿವೆ ಎಂದುಕೊಂಡೆ.

ಸ್ಪ್ಯಾನಿಷ್ ಆರ್ಚ್ ಎಂಬ ಹಳೆಯ ಕಲ್ಲಿನ ಕಮಾನಿನ ಹಿಂದೆ ಊರಿನ ಮ್ಯೂಸಿಯಂ ಇದೆ. ಅದಕ್ಕೂ ಕಾಸಿಲ್ಲ. ಒಳಗೆ ಛಾವಣಿಯಿಂದ ಒಂದು ಇಡೀ ಹಾಯಿದೋಣಿ ತೂಗುಬಿಟ್ಟಿದ್ದಾರೆ. ಹೋದ ವರ್ಷ ಇಳಾ ಅದರ ಕೆಳಗೆ ಅಂಗಾತ ಮಲಗಿ, ನಾನೀಗ ಮೀನು ಎಂದಿದ್ದಳು. ಅವಳನ್ನು ಎಬ್ಬಿಸಲು ನಾನು ಪಟ್ಟ ಪಾಡು ನೆನೆದು ನಗು ಬಂತು, ಹಿಂದೆಯೇ ಅಳುವೂ ಬಂತು. ಮಾಸ್ಕಿನಿಂದ ಒಂದು ಉಪಕಾರವಿತ್ತು. ಅದರೊಳಗೆ ಏನು ಮಾಡಿದರೂ ಯಾರಿಗೂ ಕಾಣುತ್ತಿರಲಿಲ್ಲ.

ಆಮೇಲೆ ಪಬ್ಬು. ಐರ್ಲೆಂಡಿನ ಪಬ್ಬನ್ನು ನಮ್ಮ ಬಾರ್ ಎಂದು ತಿಳಿಯಬೇಡಿ. ಹಗಲು ಹೊತ್ತು ಅಲ್ಲಿಗೆ ಅಜ್ಜಿಯರೂ ಬರುತ್ತಾರೆ, ಮಕ್ಕಳೂ ಬರುತ್ತಾರೆ. ಹೋದ ವರ್ಷ ಕಲ್ಲುಹಾಸಿನ ಓಣಿಯ ಒಂದು ಪಬ್ಬಿನಲ್ಲಿ ಇಳಾ ಬ್ಲ್ಯಾಕ್‌ಕರೆಂಟ್ ಶರಬತ್ತು ಕುಡಿಯುತ್ತಾ ಒಬ್ಬ ಮುದುಕರ ಪಿಟೀಲಿಗೆ ಕುಣಿದಿದ್ದಳು. ಈಗ ಸರ್ಕಾರದ ಹೊಸ ನಿಯಮ ಬಂದಿತ್ತು. ಪಬ್ಬಿನಲ್ಲಿ ಕೂರಬೇಕಾದರೆ ಒಂಬತ್ತು ಯೂರೋಗೆ ಕಡಿಮೆಯಿಲ್ಲದ ಊಟ ಮಾಡಬೇಕು. ಕುಡಿಯದ ನನಗೂ ಅದೇ ನಿಯಮ. ಪಬ್ಬಿನ ಬಾಗಿಲಲ್ಲಿ ಮುಖಕ್ಕೆ ಪ್ಲಾಸ್ಟಿಕ್ಕಿನ ಪರದೆ ಕಟ್ಟಿಕೊಂಡ ನೋರಾ ಎಂಬ ಹೆಂಗಸು ನಿಂತಿದ್ದಳು.

"ಎಷ್ಟು ಜನ?" ಎಂದಳು.

"ಮೂರು," ಎಂದೆ. ಅವಳು ನನ್ನ ಹಿಂದೆ ನೋಡಿದಳು. ನಾನೂ ತಿರುಗಿ ನೋಡಿದೆ. "ಅಲ್ಲ, ಒಬ್ಬಳೇ. ಅಭ್ಯಾಸ."

"ಪರವಾಗಿಲ್ಲ, ಯೂ ಆರ್ ಗ್ರ್ಯಾಂಡ್," ಎಂದು ಅವಳು ಕಿಟಕಿಯ ಮೇಜು ತೋರಿಸಿದಳು.

ಮಾಂಸವಿಲ್ಲದ್ದು ಏನಿದೆ ಎಂದರೆ ತರಕಾರಿ ಸೂಪು. ಅದರ ಬೆಲೆ ಒಂಬತ್ತು ಮುಟ್ಟುವುದಿಲ್ಲ. ಜೊತೆಗೆ ಹ್ಯಾಮ್ ತೆಗೆದ ಚೀಸ್ ಟೋಸ್ಟನ್ನು ಸೇರಿಸಿ ನೋರಾ ಕಾನೂನು ಕಾಪಾಡಿದಳು. ಸುತ್ತಲಿನ ಮೇಜುಗಳ ನಡುವೆ ಪಾರದರ್ಶಕ ಹಲಗೆ. ಪಿಟೀಲು ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಅದನ್ನು ಬಾರಿಸುವವರು ಎಲ್ಲಿ ಎಂದು ಕೇಳಿದೆ.

"ಎಂಬತ್ತರ ಹತ್ತಿರ ಅವ್ರಿಗೆ, ಮನೆ ಬಿಟ್ಟು ಬರೋ ಹಾಗಿಲ್ಲ. ಇನ್ನೊಂದು ಪಿಟೀಲಿದೆ, ಸಂಜೆ ಕಿಟಕಿ ತೆಗೆದು ಬಾರಿಸ್ತಾರೆ. ಬೀದಿಯವ್ರು ಅವರವ್ರ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೇಳ್ತಾರೆ," ಎಂದಳು. ಆಮೇಲೆ ಮೆಲ್ಲಗೆ, "ಆ ಇನ್ನಿಬ್ರು ಯಾರು?" ಎಂದು ಕೇಳಿದಳು.

ಹೇಳಿದೆ. ಕಟ್ಟಿಟ್ಟಿದ್ದೆಲ್ಲ ಒಬ್ಬ ಅಪರಿಚಿತೆಯ ಮುಂದೆ ಬಿಚ್ಚಿದೆ. ಅವಳು ಎರಡು ಮೀಟರ್ ದೂರದಲ್ಲೇ ನಿಂತು ಕೇಳಿದಳು, ಕೊನೆಗೆ ಬಿಲ್ಲಿನಲ್ಲಿ ಸೇರಿಸದೆ ಒಂದು ಲೋಟ ಬ್ಲ್ಯಾಕ್‌ಕರೆಂಟ್ ತಂದಿಟ್ಟಳು. "ಮೂರೂವರೆಗೆ ಗೋಡೆ ಹತ್ರ ಇರ್ಬೇಕು ಅಂದ್ರೆ ಈಗ್ಲೇ ಏಳಿ. ನಿಧಾನ ಮಾಡ್ಬೇಡಿ," ಎಂದಳು. ಗಡಿಯಾರ ನೋಡಿದರೆ ಎರಡೂವರೆ ದಾಟಿತ್ತು. ಶರಬತ್ತನ್ನು ನಿಂತೇ ಕುಡಿದು ಹೊರಟೆ.

ದಾರಿಯಲ್ಲಿ ಸಿಗುವ ಕ್ಲಾಡಾ ದಡದ ಹಂಸಗಳನ್ನು ನೋಡಲೂ ನಿಲ್ಲಲಿಲ್ಲ. ಪಬ್ಬಿನಿಂದ ಗೋಡೆಗೆ ಮೂರು ಕಿಲೋಮೀಟರಿಗೂ ಹೆಚ್ಚು. ಎದುರುಗಾಳಿ ಕೊಡೆಯನ್ನು ಮಗುಚಿ ಹಾಕಿತು, ಅದನ್ನು ಕಸದ ಬುಟ್ಟಿಗೆ ಸೇರಿಸಿ ನೆನೆಯುತ್ತಲೇ ನಡೆದೆ. ಎಡಗಡೆ ಬೂದು ಬಣ್ಣದ ಸಮುದ್ರ, ಆಚೆ ದಡದಲ್ಲಿ ಕ್ಲೇರ್ ಸೀಮೆಯ ಬೋಳು ಗುಡ್ಡಗಳು. ಜನ ಒಬ್ಬರಿಗೊಬ್ಬರು ದೂರ ಸರಿದು ದಾರಿ ಬಿಡುತ್ತಿದ್ದರು. ಹಳದಿ ಬಣ್ಣದ ಡೈವಿಂಗ್ ಕಟ್ಟೆ ಕಂಡಿತು, ಅದರಾಚೆಗೆ ಗೋಡೆ. ನೋಡಲು ಏನೇನೂ ಇಲ್ಲದ ಸಾದಾ ಗೋಡೆ. ಏದುಸಿರು ಬಿಡುತ್ತಾ ಫೋನು ಹಚ್ಚಿದೆ.

"ಎಲ್ಲಿದೀಯಾ? ಗಾಳಿ ಬಿಟ್ರೆ ಏನೂ ಕೇಳಿಸ್ತಿಲ್ಲ," ಎಂದ ಗಿರೀಶ.

"ಗೋಡೆ ಹತ್ರ."

"ಒಬ್ಳೇ ಹೋದ್ಯಾ," ಎಂದ.

"ಇಳಾನ ಕರಿ."

ಇಳಾ ಬಂದಳು, ಕೆನ್ನೆಯ ಮೇಲೆ ಮೊಸರನ್ನದ ಅಗುಳು. ಗೋಡೆ ತೋರಿಸಿದೆ. "ಇದು ಯಾವ ಗೋಡೆ ಅಮ್ಮಾ?" ಎಂದಳು.

"ನೆನಪಿಲ್ವಾ ಪುಟ್ಟಾ? ನೀನು ಒದ್ದಿದ್ದೆ. ಅಪ್ಪ, ನಾನು, ನೀನು."

"ನಾನಾ? ಗೋಡೇನ ಯಾಕೆ ಒದೀಬೇಕು?"

ಸಮುದ್ರ ತೋರಿಸಿದೆ, ಹಳದಿ ಕಟ್ಟೆ ತೋರಿಸಿದೆ. "ಚೆನ್ನಾಗಿದೆ ಅಮ್ಮಾ," ಎಂದಳು, ಮನೆಗೆ ಬಂದ ನೆಂಟರ ಫೋಟೋ ಆಲ್ಬಂ ನೋಡುವವರ ದನಿಯಲ್ಲಿ. ಇಷ್ಟು ದೂರ ಬಂದು ಮಗುವನ್ನು ಪರೀಕ್ಷೆಗೆ ಕೂರಿಸಿದ ನನ್ನ ಮೇಲೇ ಸಿಟ್ಟು ಬಂತು. ಇನ್ನೇನು ಮಾಡಲಿ? "ನೋಡು, ಹಿಂಗೆ," ಎಂದು ಫೋನನ್ನು ಎತ್ತಿ ಹಿಡಿದು ಗೋಡೆಗೆ ಒದ್ದೆ. ಒದ್ದವಳೇ ಯೋಚಿಸದೆ ಬಗ್ಗಿ ಗೋಡೆಯನ್ನು ಮುಟ್ಟಿ ಕೈಯನ್ನು ಎರಡು ಕಣ್ಣಿಗೂ ಒತ್ತಿಕೊಂಡೆ.

"ಕೈ ಮುಖಕ್ಕೆ ಬೇಡ, ಬೇಡ," ಎಂದು ಹಿಂದಿನಿಂದ ದನಿ ಬಂತು. ಊರಿನ ಒಬ್ಬ ಮುದುಕಿ, ಕೋಲೂರಿಕೊಂಡು, ತೋಳು ಉದ್ದಕ್ಕೆ ಚಾಚಿ ಸ್ಯಾನಿಟೈಸರ್ ಹಿಡಿದಿದ್ದಳು. "ಇಡೀ ಗಾಲ್ವೇ ಮುಟ್ಟೋ ಗೋಡೆ ಇದು. ಏನು ಮಾಡಿದ್ರಿ ನೀವು?"

"ಕಾಲು ತಗಲಿದ್ರೆ ನಾವು ಕ್ಷಮೆ ಕೇಳ್ತೀವಿ," ಎಂದು ಕೈ ಒಡ್ಡಿದೆ.

"ಗೋಡೇನಾ? ನಾನು ಹುಡುಗಿ ಆಗಿದ್ದಾಗ್ಲಿಂದ ಒದೀತಿದೀನಿ, ಒಂದು ದಿನಾನೂ ಕೇಳಿಲ್ಲ." ಅವಳು ಕ್ಷಣ ಯೋಚಿಸಿ, ಗೋಡೆಯ ಹತ್ತಿರ ಹೋಗಿ ಮೊಣಕೈಯಿಂದ ಅದಕ್ಕೆ ಮೆತ್ತಗೆ ತಾಗಿಸಿದಳು. ಆ ವರ್ಷ ಎಲ್ಲರೂ ಒಬ್ಬರನ್ನೊಬ್ಬರು ಮಾತಾಡಿಸುತ್ತಿದ್ದುದೇ ಹಾಗೆ.

ಫೋನಿನಲ್ಲಿ ಇಳಾ ಕಿಲಕಿಲ ನಗುತ್ತಿದ್ದಳು. ನೋಡನೋಡುತ್ತಿದ್ದಂತೆ ಅವಳು ಪರದೆಯಿಂದ ಮಾಯವಾದಳು. ಗಿರೀಶ ಫೋನು ಹಿಡಿದು ಹಿಂದೆ ಓಡಿದ. ಹೊಸಿಲು, ಮೆಟ್ಟಿಲು, ತುಳಸಿಕಟ್ಟೆ ಒಂದೊಂದಾಗಿ ಅಲುಗಾಡುತ್ತಾ ಹಾದುಹೋದವು. ಕಾಂಪೌಂಡಿನ ದೀಪದ ಕೆಳಗೆ ಇಳಾ ಬರಿಗಾಲಲ್ಲಿ ನಿಂತು ಗೋಡೆಗೆ ಒದ್ದಳು. ಮತ್ತೆ ಒದ್ದಳು.

"ಏ ಪುಟ್ಟಿ, ಗೋಡೆಗೆ ಕಾಲು ತಗಲಿಸ್ತಾರಾ?" ಎಂಬ ಅತ್ತೆಯ ದನಿ ಒಳಗಿನಿಂದ ಕೇಳಿತು. ಅವರ ಮಾತು ಮುಗಿಯುವ ಮೊದಲೇ ಇಳಾ ಬಗ್ಗಿ ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದಳು. ನನ್ನಿಂದ ಕಲಿಸಲಾಗದ್ದನ್ನು ಅತ್ತೆ ಕಲಿಸಿದ್ದರು. ಸಂತೋಷವಾಗಬೇಕಿತ್ತು, ಆಯಿತು ಕೂಡ. ಅದನ್ನು ಅಷ್ಟು ದೂರದಿಂದ ನೋಡಬೇಕಾಯಿತಲ್ಲ ಎಂದು ಸಂಕಟವೂ ಆಯಿತು.

ಆಮೇಲೆ ಇಳಾ ಗೋಡೆಗೆ ಬೆನ್ನು ಮಾಡಿ ತಿರುಗಿದಳು. ತಿರುಗಿದವಳು ಹಾಗೇ ನಿಂತು, ಅಂಗಳದ ಆಚೆಗೊಮ್ಮೆ ಈಚೆಗೊಮ್ಮೆ ಏನನ್ನೋ ಹುಡುಕಿದಳು. ಹುಬ್ಬು ಗಂಟಾಯಿತು. ಸೊಂಟದ ಮೇಲೆ ಕೈ ಹೋಯಿತು.

"ಮ್ಯಾಮಿ," ಎಂದಳು. ಐದು ತಿಂಗಳಿಂದ ಕೇಳದ ರಾಗದಲ್ಲಿ, "ಡೂ ಐ ಗೆಟ್ ಮಿ ನೈಂಟಿ-ನೈನ್ ನೌ?"

ಗಿರೀಶ ನಕ್ಕ ಭರಕ್ಕೆ ಫೋನು ವಾಲಿ ಪರದೆಯ ತುಂಬ ಮೈಸೂರಿನ ಆಕಾಶ ಕಂಡಿತು. "ಕೊಡಿಸ್ತೀನಿ ಕಂದಾ, ನೀನು ಬಾ," ಎಂದೆ. ಅವಳು, "ಆಯ್ತಮ್ಮಾ," ಎಂದು ಕನ್ನಡಕ್ಕೆ ಮರಳಿ, ಆಕಳಿಸುತ್ತಾ ಅಜ್ಜಿಯ ಮನೆಯೊಳಗೆ ನಡೆದಳು.

ಮಳೆ ನಿಂತಿತ್ತು. ಗೋಡೆ ಒದ್ದವರು ತಿರುಗಬೇಕು, ತಿರುಗಿದೆ. ದಾರಿಯಲ್ಲಿ ಹೋದ ವರ್ಷದ ಐಸ್‌ಕ್ರೀಮ್ ಅಂಗಡಿ ತೆರೆದಿತ್ತು.

"ನೈಂಟಿ-ನೈನ್," ಎಂದೆ.

"ಎಷ್ಟು?" ಎಂದ ಅಂಗಡಿಯವನು.

"ಈ ಸಲಕ್ಕೆ ಒಂದು."

ಕೋನು ಹಿಡಿದು ಒಮ್ಮೆ ಹಿಂದಕ್ಕೆ ನೋಡಿದೆ. ಆ ಮುದುಕಿ ಇನ್ನೂ ಗೋಡೆಯ ಹತ್ತಿರವೇ ಇದ್ದಳು, ಬಂದವರಿಗೆ ಏನೋ ಹೇಳಿ ಮೊಣಕೈ ತೋರಿಸುತ್ತಿದ್ದಳು. ಗಾಳಿಗೆ ಐಸ್‌ಕ್ರೀಮ್ ಬೆರಳಿನ ಮೇಲೆ ಇಳಿಯತೊಡಗಿತು. ನೆಕ್ಕುತ್ತಾ ಸ್ಟೇಷನ್ನಿನ ಕಡೆ ನಡೆದೆ.